ಬಾಷ್ಪವಿಸರ್ಜನೆಯ ಪಾಠ ಮತ್ತು ಬೇಸಿಗೆಯ ಹೂದೋಟ: ರಾಜೇಶ್ವರದ ಶಾಲೆಯೊಂದರ ಅನುಭವ

ಅಭ್ಯಾಸ ಬೋಧನೆಗೆ ನನಗೆ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದ ಒಂದು ಹಿರಿಯ ಪ್ರಾಥಮಿಕ ಶಾಲೆ ಹಂಚಿಕೆಯಾಗಿತ್ತು. ನಮ್ಮ ಮನೆಯೂ ಅದೇ ಊರಿನಲ್ಲಿರುವುದರಿಂದ ಅನುಕೂಲವೇ ಆಯಿತು. ಏಳನೆಯ ತರಗತಿಯ ವಿಜ್ಞಾನದಲ್ಲಿ ‘ಪ್ರಾಣಿಗಳು ಮತ್ತು ಸಸ್ಯಗಳಲ್ಲಿ ಸಾಗಾಣಿಕೆ’ ಎಂಬ ಘಟಕವಿದೆ. ಅದರ ಬಾಷ್ಪವಿಸರ್ಜನೆಯ ಭಾಗವನ್ನು ಮಾರ್ಚ್ ಮೊದಲ ವಾರದಲ್ಲಿ ಬೋಧಿಸಿದೆ. ಪಾಠ ಚೆನ್ನಾಗಿ ನಡೆಯಿತು ಎಂದೇ ಎಲ್ಲರೂ ಹೇಳಿದರು, ನಾನೂ ಹಾಗೆಯೇ ತಿಳಿದಿದ್ದೆ. ಆ ಪಾಠದಲ್ಲಿ ನಾನು ಕಪ್ಪು ಹಲಗೆಯ ಮೇಲೆ ಬರೆದ ಒಂದು ವಾಕ್ಯದಿಂದ ಶಾಲೆಯ ಹೂದೋಟದ ಅರ್ಧಕ್ಕಿಂತ ಹೆಚ್ಚು ಚೆಂಡುಹೂವಿನ ಗಿಡಗಳು ಸತ್ತವು. ಅದು ಹೇಗೆ ಆಯಿತು, ಬೇಸಿಗೆ ರಜೆಯಲ್ಲಿ ಉಳಿದ ಗಿಡಗಳನ್ನು ಸಾಕುವಾಗ ನಾನು ಏನು ಕಲಿತೆ, ಜೂನ್‌ನಲ್ಲಿ ಅದೇ ಮಕ್ಕಳಿಗೆ ಅದೇ ಪಾಠವನ್ನು ಮತ್ತೆ ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ

ಪಾಠ ಯೋಜನೆಯನ್ನು 5-ಇ ಮಾದರಿಯಲ್ಲಿ ಸಿದ್ಧಪಡಿಸಿದ್ದೆ. ತೊಡಗಿಕೊಳ್ಳುವ ಹಂತದಲ್ಲಿ ಮಕ್ಕಳು ಬೆಳಿಗ್ಗೆಯೇ ದಾಸವಾಳದ ಒಂದು ಟೊಂಗೆಗೆ ಪಾಲಿಥೀನ್ ಚೀಲ ಕಟ್ಟಿ ಬಂದಿದ್ದರು. ಮೂರನೆಯ ಅವಧಿಗೆ ಚೀಲದ ಒಳಗೆ ಹನಿಗಳು ಮೂಡಿದ್ದವು. ಮಕ್ಕಳಿಗೆ ಖುಷಿಯಾಯಿತು. ಪತ್ರರಂಧ್ರದ ಚಿತ್ರಪಟ, ಕಾವಲು ಕೋಶಗಳು, ಬೇರುರೋಮದಿಂದ ಕ್ಸೈಲಂ ಮೂಲಕ ಎಲೆಯವರೆಗೆ ನೀರಿನ ದಾರಿ, ಇವೆಲ್ಲ ಯೋಜನೆಯಂತೆ ಆದವು.

ವಿಸ್ತರಣೆಯ ಹಂತಕ್ಕೆ ಮಕ್ಕಳನ್ನು ಹೂದೋಟಕ್ಕೆ ಕರೆದುಕೊಂಡು ಹೋದೆ. ಮಧ್ಯಾಹ್ನ ಹನ್ನೆರಡೂವರೆ. ನಮ್ಮ ಕಡೆ ಮಾರ್ಚ್‌ನಲ್ಲೇ ಬಿಸಿಲು ಬಿಸಿಲೇ. ಬಿಸಿಯೂಟದ ತಾಟು ತೊಳೆಯುವ ಕಟ್ಟೆಯ ಪಕ್ಕದ ಮಡಿಯಲ್ಲಿ ಚೆಂಡುಹೂವಿನ ಗಿಡಗಳು ಎಲೆ ಜೋತುಬಿಟ್ಟು ನಿಂತಿದ್ದವು.

‘ಈ ಗಿಡ ಯಾಕೆ ಬಾಡಿದೆ?’ ಎಂದು ಕೇಳಿದೆ.

‘ನೀರಿಲ್ಲರಿ ಮೇಡಂ’ ಎಂದು ಹತ್ತಾರು ದನಿಗಳು.

ಹೂಗಾರರ ಮನೆಯ ಒಬ್ಬ ಹುಡುಗಿ ಬಗ್ಗಿ ಮಣ್ಣು ಮುಟ್ಟಿ ನೋಡಿ, ‘ನೀರ್ ಅದರಿ ಮೇಡಂ, ಮಣ್ಣು ಹಸಿನೇ ಅದ. ಗಿಡ ಮಕ್ಕೊಂಡದ. ಸಂಜಿಗಿ ಏಳ್ತದ’ ಎಂದಳು.

ತರಗತಿ ನಕ್ಕಿತು. ನಾನೂ ನಕ್ಕೆ. ‘ಗಿಡ ಮಲಗುವುದಿಲ್ಲ ಪುಟ್ಟಿ, ಬೇರಿನಿಂದ ಬರುವ ನೀರು ಸಾಲದಿದ್ದರೆ ಬಾಡುತ್ತದೆ’ ಎಂದೆ. ತರಗತಿಗೆ ಬಂದು ಸಾರಾಂಶ ಬರೆಸುವಾಗ ಕೊನೆಯ ವಾಕ್ಯ ಹೀಗಿತ್ತು: ‘ಗಿಡ ಬಾಡಿದರೆ ಅದಕ್ಕೆ ನೀರಿನ ಕೊರತೆಯಾಗಿದೆ ಎಂದರ್ಥ, ಕೂಡಲೇ ನೀರು ಹಾಕಬೇಕು.’ ಮೌಲ್ಯಮಾಪನದಲ್ಲಿ ‘ಗಿಡ ಬಾಡಲು ಕಾರಣವೇನು?’ ಎಂಬ ಪ್ರಶ್ನೆಗೆ ಎಲ್ಲ ಮಕ್ಕಳೂ ಸರಿಯುತ್ತರ ಬರೆದರು. ಆ ಹುಡುಗಿಯೂ ಅದನ್ನೇ ಬರೆದಿದ್ದಳು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಉಪಕರಣಗಳ ಬಳಕೆಯನ್ನು ಮೆಚ್ಚಿ, ಕೆಳಗೆ ಒಂದು ಸಾಲು ಸೇರಿಸಿದ್ದರು: ‘ಮೌಲ್ಯಮಾಪನದ ಪ್ರಶ್ನೆ ಒಂದೇ ಉತ್ತರ ಬರುವಂತಿದೆ.’ ಅದನ್ನು ಓದಿದೆ, ಸಹಿ ಹಾಕಿದೆ, ಮುಂದಿನ ಪಾಠ ಯೋಜನೆಗೆ ಹೋದೆ.

ಆಮೇಲೆ ಮಕ್ಕಳು ನಾನು ಹೇಳಿದ್ದನ್ನೇ ಮಾಡಿದರು. ತಂಡ ಕಟ್ಟಿಕೊಂಡು ಪ್ರತಿದಿನ ಊಟವಾದ ಮೇಲೆ ಬಾಡಿದ ಗಿಡಗಳನ್ನು ಹುಡುಕಿ ನೀರು ಹಾಕತೊಡಗಿದರು. ತಾಟು ತೊಳೆದ ನೀರು, ಬಾಟಲಿಯಲ್ಲಿ ಉಳಿದ ನೀರು ಎಲ್ಲ ಅಲ್ಲಿಗೇ ಹೋಯಿತು. ಸಹ ಪ್ರಶಿಕ್ಷಣಾರ್ಥಿಯೊಬ್ಬರು ಅದರ ಫೋಟೋ ತೆಗೆದರು. ‘ಕಲಿತದ್ದನ್ನು ನಿತ್ಯ ಜೀವನದಲ್ಲಿ ಅನ್ವಯಿಸುತ್ತಿರುವ ವಿದ್ಯಾರ್ಥಿಗಳು’ ಎಂಬ ಶೀರ್ಷಿಕೆಯೊಡನೆ ಆ ಫೋಟೋ ನನ್ನ ದಾಖಲೆ ಪುಸ್ತಕದಲ್ಲಿ ಈಗಲೂ ಇದೆ.

ಮಾರ್ಚ್ ಕೊನೆಯ ಹೊತ್ತಿಗೆ ಕಟ್ಟೆ ಪಕ್ಕದ ಮಡಿಯ ಗಿಡಗಳ ಕೆಳ ಎಲೆಗಳು ಹಳದಿಯಾದವು. ಬಿಸಿಲಿಗೆ ಎಂದುಕೊಂಡೆ. ಗಿಡ ಇನ್ನಷ್ಟು ಬಾಡಿತು, ಮಕ್ಕಳು ಇನ್ನಷ್ಟು ನೀರು ಹಾಕಿದರು. ಕೆಲವು ಗಿಡಗಳ ಕಾಂಡ ನೆಲದ ಹತ್ತಿರ ಕಪ್ಪಾಗಿ ಮೆತ್ತಗಾಯಿತು. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾಗುವಾಗ 22 ಗಿಡಗಳಲ್ಲಿ 9 ಮಾತ್ರ ಉಳಿದಿದ್ದವು. ವಿಚಿತ್ರವೆಂದರೆ ಗೇಟಿನ ಹತ್ತಿರದ, ಮುರುಮು ಬೆರೆತ ಕೆಂಪು ಮಣ್ಣಿನ ಎತ್ತರದ ಮಡಿಯಲ್ಲಿ ಒಂದು ಗಿಡವೂ ಸತ್ತಿರಲಿಲ್ಲ. ಅಲ್ಲಿಗೂ ಅದೇ ಮಕ್ಕಳು ಅದೇ ನೀರನ್ನು ಹಾಕಿದ್ದರು.

ಹೂಗಾರ ಮುತ್ಯಾನ ಹೊಲದಲ್ಲಿ

ರಜೆಯಲ್ಲಿ ತೋಟ ನೋಡಿಕೊಳ್ಳುತ್ತೇನೆಂದು ಮುಖ್ಯ ಶಿಕ್ಷಕರಿಂದ ಗೇಟಿನ ಚಾವಿ ಕೇಳಿ ಪಡೆದೆ. ಸತ್ತ ಗಿಡಗಳ ಜಾಗಕ್ಕೆ ಸಸಿ ಬೇಕಿತ್ತು. ಆ ಹುಡುಗಿಯ ಅಜ್ಜ ಊರ ಹೊರಗೆ ಬಾವಿಯ ನೀರಿನಲ್ಲಿ ಸ್ವಲ್ಪ ಜಾಗದಲ್ಲಿ ಚೆಂಡುಹೂವು, ಅಬ್ಬಲಿಗೆ, ಮಲ್ಲಿಗೆ ಬೆಳೆದು ಗುಡಿಗೂ ಸಂತೆಗೂ ಹೂವು ಕೊಡುತ್ತಾರೆ. ಸಸಿ ಕೇಳಲು ಹೋದೆ. ಕೂಡಿಸಿ ನೀರು ಕೊಟ್ಟು, ಮಾತಿನ ನಡುವೆ ಹೇಳಿದರು:

‘ನೀವ್ ಸಾಲ್ಯಾಗ ಹೇಳೀರಂತ ಇಕಿ ನಡು ಮಧ್ಯಾಹ್ನ ಅಬ್ಬಲಗಿಗಿ ನೀರ್ ಹೊಯ್ಲತ್ತಿದ್ಳು. ನಾ ಬೈದೆ. ಮೇಡಂ ಹೇಳ್ಯಾರ ಅಂದ್ಳು. ಮ್ಯಾಲ ಅತ್ಳು.’

ಹುಡುಗಿ ಅಲ್ಲೇ ಹೂವು ಕಟ್ಟುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ. ಮನೆಯಲ್ಲಿ ಕಣ್ಣಾರೆ ಕಂಡು ತಿಳಿದಿದ್ದನ್ನು ಅವಳು ತರಗತಿಯಲ್ಲಿ ಹೇಳಿದ್ದಳು. ನಾವು ನಕ್ಕೆವು. ಆಮೇಲೆ ಅವಳು ನನ್ನ ಮಾತನ್ನು ನಂಬಿ ಮನೆಯಲ್ಲಿ ಬೈಸಿಕೊಂಡಿದ್ದಳು.

‘ಹಂಗಾದ್ರ ಯಾವಾಗ ನೀರು ಹಾಕಬೇಕು ಮುತ್ಯಾ?’ ಎಂದು ಕೇಳಿದೆ.

‘ಮುಂಜಾನಿ ಎದ್ದು ನೋಡ್ಬೇಕವ್ವಾ. ಮುಂಜಾನಿಕೂ ತಲಿ ಬಗ್ಗಿಸಿದ್ರ ನೀರ್ ಬೇಡ್ಲತ್ತದ ಅಂತ. ಮಧ್ಯಾಹ್ನದ್ದು ಹಿಡಿಬಾರ್ದು.’

ಇದನ್ನು ನಾನು ಬಿಎಸ್ಸಿಯಲ್ಲಿ ಬೇರೆ ಮಾತಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ. ಮಧ್ಯಾಹ್ನದ ಬಿಸಿಲು ಮತ್ತು ಒಣಗಾಳಿಯಲ್ಲಿ ಎಲೆ ಕಳೆದುಕೊಳ್ಳುವ ನೀರಿನ ವೇಗ, ಬೇರು ಎಳೆದುಕೊಳ್ಳುವ ವೇಗವನ್ನು ಮೀರುತ್ತದೆ. ಮಣ್ಣಿನಲ್ಲಿ ಸಾಕಷ್ಟು ನೀರಿದ್ದರೂ ಕೋಶಗಳ ಒಳ ಒತ್ತಡ ಇಳಿದು ಎಲೆ ಜೋಲುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಬೇರು ಬಾಕಿ ತುಂಬಿಕೊಡುತ್ತದೆ, ಗಿಡ ಏಳುತ್ತದೆ. ಇದು ತಾತ್ಕಾಲಿಕ ಬಾಡುವಿಕೆ. ರಾತ್ರಿ ಪತ್ರರಂಧ್ರಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಬೆಳಗಿನ ಜಾವಕ್ಕೆ ಗಿಡದೊಳಗಿನ ನೀರಿನ ಸ್ಥಿತಿ ಮಣ್ಣಿನ ನೀರಿನ ಸ್ಥಿತಿಗೆ ಹತ್ತಿರ ಬಂದಿರುತ್ತದೆ. ಸಸ್ಯವಿಜ್ಞಾನಿಗಳು ಎಲೆಯ ಜಲವಿಭವವನ್ನು ಸೂರ್ಯೋದಯಕ್ಕೆ ಮುಂಚೆ ಅಳೆಯುವುದು ಇದೇ ಕಾರಣಕ್ಕೆ. ಮುತ್ಯಾ ಉಪಕರಣವಿಲ್ಲದೆ ಅದನ್ನೇ ಮಾಡುತ್ತಿದ್ದರು.

ಗಿಡಗಳು ಸತ್ತ ಕಾರಣವೂ ಅಲ್ಲೇ ತಿಳಿಯಿತು. ಕಟ್ಟೆ ಪಕ್ಕದ್ದು ಎರೆ ಮಣ್ಣು. ಜೇಡಿ ಹೆಚ್ಚು, ಕಣಗಳ ನಡುವಿನ ಜಾಗ ಸೂಕ್ಷ್ಮ, ನೀರು ಬೇಗ ಇಳಿದು ಹೋಗುವುದಿಲ್ಲ. ದಿನವೂ ನೀರು ನಿಂತರೆ ಬೇರಿಗೆ ಗಾಳಿ ಸಿಗದು. ಆಮ್ಲಜನಕವಿಲ್ಲದ ಬೇರು ನೀರಿನ ನಡುವೆ ಇದ್ದೂ ನೀರು ಹೀರಲಾರದು, ಕೊಳೆಸುವ ಶಿಲೀಂಧ್ರಗಳಿಗೂ ಅದೇ ಅನುಕೂಲ. ಆಗ ಗಿಡ ಬಾಡುತ್ತದೆ. ಬಾಡಿದ್ದನ್ನು ನೋಡಿ ಮತ್ತೆ ನೀರು ಹಾಕಿದರೆ ಅದು ಬೇಗ ಸಾಯುತ್ತದೆ. ಗೇಟಿನ ಹತ್ತಿರದ ಮುರುಮಿನ ಮಡಿಯಲ್ಲಿ ನೀರು ಜಾರಿ ಹೋಗುತ್ತಿದ್ದುದರಿಂದ ನನ್ನ ತಪ್ಪಿನಿಂದ ಆ ಗಿಡಗಳು ಪಾರಾಗಿದ್ದವು.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಬಹುದಾದ ಇನ್ನೊಂದು ವಿಷಯ: 1912ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬ ಇಬ್ಬರು ಬೇರೆ ಬೇರೆ ಸಸ್ಯಗಳನ್ನು ಬೇರೆ ಬೇರೆ ಮಣ್ಣಿನಲ್ಲಿ ಬೆಳೆಸಿ, ಯಾವ ತೇವಾಂಶದಲ್ಲಿ ಅವು ಚೇತರಿಸಿಕೊಳ್ಳದಂತೆ ಬಾಡುತ್ತವೆ ಎಂದು ನೋಡಿದರು. ಆ ಮಟ್ಟ ಗಿಡದಿಂದ ಗಿಡಕ್ಕೆ ಹೆಚ್ಚು ಬದಲಾಗಲಿಲ್ಲ, ಮಣ್ಣಿನಿಂದ ಮಣ್ಣಿಗೆ ಬಹಳ ಬದಲಾಯಿತು. ಮರಳಿನಲ್ಲಿ ತೇವ ನೂರಕ್ಕೆ ಕೆಲವೇ ಭಾಗಕ್ಕೆ ಇಳಿಯುವವರೆಗೂ ಗಿಡ ನಿಲ್ಲುತ್ತದೆ. ಜೇಡಿಮಣ್ಣಿನಲ್ಲಿ ತೇವ ಇನ್ನೂ ಸಾಕಷ್ಟು ಇರುವಾಗಲೇ ಬಾಡಬಹುದು, ಏಕೆಂದರೆ ಜೇಡಿ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಎರೆ ಮಣ್ಣಿನಲ್ಲಿ ‘ಮುಟ್ಟಿದರೆ ತಣ್ಣಗಿದೆ, ನೀರಿದೆ’ ಎನ್ನುವುದೂ ಯಾವಾಗಲೂ ಸರಿಯಲ್ಲ. ಬೆರಳಿನ ಪರೀಕ್ಷೆ, ಮುಂಜಾನೆಯ ನೋಟ ಎರಡೂ ಬೇಕು. ಬೀದರ್ ಜಿಲ್ಲೆಯಲ್ಲಿ ಕೆಂಪು ಮಣ್ಣೂ ಎರೆಯೂ ಎರಡೂ ಇರುವುದರಿಂದ ನಮ್ಮ ಮಕ್ಕಳಿಗೆ ಇದನ್ನು ತೋರಿಸಲು ದೂರ ಹೋಗಬೇಕಿಲ್ಲ.

ರಜೆಯ ಆರು ವಾರ

ಭರಣಿ, ಕೃತಿಕಾ, ರೋಹಿಣಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ತೋಟ ನನ್ನ ಜವಾಬ್ದಾರಿಯಾಗಿತ್ತು. ಶಾಲಾ ತೋಟ ಬೇಸಿಗೆಯಲ್ಲಿ ಒಣಗುವುದಕ್ಕೆ ಬಿಸಿಲೊಂದೇ ಕಾರಣವಲ್ಲ ಎಂಬುದು ಮೊದಲ ವಾರದಲ್ಲೇ ಗೊತ್ತಾಯಿತು. ತೋಟ ಬದುಕುತ್ತಿದ್ದುದು ತಾಟು ತೊಳೆದ ನೀರಿನ ಮೇಲೆ. ರಜೆ ಬಂದರೆ ಬಿಸಿಯೂಟವಿಲ್ಲ, ಆ ನೀರೂ ಇಲ್ಲ. ಬೋರ್‌ವೆಲ್ ನೀರು ವಿದ್ಯುತ್ ಇದ್ದ ಹೊತ್ತಿಗೆ, ಅದೂ ಒತ್ತಡ ಇಳಿದು ಬರುತ್ತಿತ್ತು. ನಾನು ದಿನಕ್ಕೆ ಎರಡು ಬಕೆಟ್‌ಗಿಂತ ಹೆಚ್ಚು ಹೊರಲಾಗಲಿಲ್ಲ.

ಮುತ್ಯಾ ಹೇಳಿದಂತೆ ಮಾಡಿದೆ. ಬೆಳಿಗ್ಗೆ ಆರಕ್ಕೆ ಹೋಗಿ ಮೊದಲು ಗಿಡ ನೋಡುವುದು, ಆಮೇಲೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡುವುದು, ಆಮೇಲೆ ನೀರು. ಎರೆ ಮಡಿಗೆ ನಾಲ್ಕೈದು ದಿನಕ್ಕೊಮ್ಮೆ, ಕೆಂಪು ಮಡಿಗೆ ದಿನ ಬಿಟ್ಟು ದಿನ, ಕುಂಡಗಳಿಗೆ ದಿನವೂ. ಹಾಕಿದಾಗ ಬುಡ ನೆನೆಯುವಂತೆ ಹಾಕಬೇಕು, ಮೇಲೆ ಮೇಲೆ ಚಿಮುಕಿಸಬಾರದು. ಚಿಮುಕಿಸಿದ ನೀರು ಒಂಬತ್ತು ಗಂಟೆಗೆಲ್ಲ ಗಾಳಿಗೆ ಹೋಗಿರುತ್ತದೆ, ಬೇರೂ ಅದನ್ನರಸಿ ಮೇಲೆಯೇ ಉಳಿಯುತ್ತದೆ. ಎರೆ ಬಿರಿಯತೊಡಗಿದಾಗ ಕುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿ ಬಿರುಕು ಮುಚ್ಚಿದೆ. ಬಿರುಕು ಬಿಟ್ಟರೆ ಎಳೆ ಬೇರು ಹರಿಯುತ್ತದೆ, ಆಳದ ತೇವವೂ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಅದರ ಮೇಲೆ ಕಬ್ಬಿನ ರವದಿಯನ್ನು ಮೂರು ಬೆರಳು ದಪ್ಪ ಹರಡಿದೆ, ಕಾಂಡಕ್ಕೆ ತಾಗದಂತೆ. ಪಡುವಣ ಬಿಸಿಲು ನೇರ ಬೀಳುವ ಕಡೆ ಎರಡು ಕೋಲಿಗೆ ಹಳೆ ಸೀರೆ ಕಟ್ಟಿದೆ. ಅಮ್ಮನ ಸೀರೆ ಶಾಲೆಯಲ್ಲಿ ಕಂಡು ಓಣಿಯವರು ಕೇಳಿದ್ದೂ ಆಯಿತು.

ಗಡಿಗೆಯ ಪ್ರಯೋಗದ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಗಿಡಗಳ ನಡುವೆ ಹೂತು ನೀರು ತುಂಬಿದರೆ, ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಮಣ್ಣಿಗೆ ಬೇಕಾದಷ್ಟೇ ನೀರು ಜಿನುಗುತ್ತದೆ. ಮಣ್ಣು ಒಣಗಿದಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ, ತೇವವಾದಷ್ಟೂ ಕಡಿಮೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಫಾನ್ ಶೆಂಗ್‌ಜಿಯ ಕೃಷಿ ಗ್ರಂಥದಲ್ಲೇ ಈ ಕ್ರಮದ ವಿವರಣೆ ಇದೆ. ನಾನು ಮನೆಯಲ್ಲಿ ಮೂಲೆಗೆ ಸೇರಿದ್ದ ಹಳೆಯ ಗಡಿಗೆಯೊಂದನ್ನು ತಂದು ಹೂತೆ. ಮೂರು ದಿನವಾದರೂ ನೀರು ಇಳಿಯಲೇ ಇಲ್ಲ. ಯೋಚಿಸಿದಾಗ ನಗು ಬಂತು: ಅದನ್ನು ಮೂಲೆಗೆ ಹಾಕಿದ್ದೇ ‘ಇದರಾಗ ನೀರು ತಣ್ಣಗಾಗಂಗಿಲ್ಲ’ ಎಂದು. ನಮ್ಮ ಬೋರ್ ನೀರಿನ ಲವಣ ಕಟ್ಟಿ ರಂಧ್ರಗಳು ಮುಚ್ಚಿದ್ದವು. ನೀರು ಹೊರಗೆ ಜಿನುಗದಿದ್ದರೆ ಆವಿಯಾಗುವುದಿಲ್ಲ, ಆವಿಯಾಗದಿದ್ದರೆ ತಂಪೂ ಇಲ್ಲ. ಹೊಸದಾಗಿ ತಂದ ಎರಡು ಗಡಿಗೆಗಳು ಚೆನ್ನಾಗಿ ಕೆಲಸ ಮಾಡಿದವು. ಸೊಳ್ಳೆ ಮೊಟ್ಟೆ ಇಡದಂತೆ ಬಾಯಿಗೆ ಹೆಂಚಿನ ತುಂಡು ಮುಚ್ಚಿದೆ. ಈ ಸೋತ ಗಡಿಗೆಯನ್ನು ಎಸೆಯಲಿಲ್ಲ. ಮುಂದೆ ಅದು ನನ್ನ ಅತ್ಯುತ್ತಮ ಬೋಧನೋಪಕರಣವಾಯಿತು.

ಯಾವ ಗಿಡ ಹೇಗೆ ಬೇಸಿಗೆ ಕಳೆಯಿತು ಎಂಬುದನ್ನೂ ಬರೆದಿಟ್ಟುಕೊಂಡೆ. ದುಂಡು ಮಲ್ಲಿಗೆಗೆ ಇದೇ ಹಬ್ಬದ ಕಾಲ, ಬುಡ ತಂಪಾಗಿದ್ದರೆ ಬಿಸಿಲಿಗೇ ಮೊಗ್ಗು ಬಿಡುತ್ತದೆ. ಸದಾಪುಷ್ಪ ಮತ್ತು ಟೇಬಲ್ ರೋಸ್‌ಗೆ ನಾನು ಏನೂ ಮಾಡಬೇಕಾಗಲಿಲ್ಲ. ಗುಲಾಬಿ ಮೇ ತಿಂಗಳಲ್ಲಿ ಸಣ್ಣ ಸಣ್ಣ ಮೊಗ್ಗು ಬಿಟ್ಟಿತು, ಅವನ್ನು ಚಿವುಟಿ ಗಿಡವನ್ನು ಮಾತ್ರ ಉಳಿಸಿಕೊಂಡೆ. ಕಾಂಪೌಂಡಿನ ಕಣಗಿಲೆಗೆ ಒಂದು ಹನಿ ನೀರು ಹಾಕದಿದ್ದರೂ ಗೊಂಚಲು ಗೊಂಚಲು ಹೂವು. ಹೆದ್ದಾರಿಗಳ ವಿಭಜಕದಲ್ಲಿ ಕಣಗಿಲೆಯನ್ನೇ ನೆಡುವುದೇಕೆ ಎಂದು ಮಕ್ಕಳು ಕೇಳಿದರೆ ಎಲೆಯ ಅಡ್ಡ ಸೀಳಿಕೆಯಲ್ಲಿ ಉತ್ತರವಿದೆ: ದಪ್ಪ ಹೊರಪೊರೆ, ಹಲವು ಪದರದ ಹೊರಚರ್ಮ, ಎಲೆಯ ಕೆಳಭಾಗದ ಗುಳಿಗಳೊಳಗೆ ರೋಮಗಳ ಮರೆಯಲ್ಲಿ ಅಡಗಿದ ಪತ್ರರಂಧ್ರಗಳು. ಬಿಸಿಗಾಳಿ ಅಲ್ಲಿಗೆ ನೇರ ತಾಗದು. ಆದರೆ ಕಣಗಿಲೆಯ ಎಲ್ಲ ಭಾಗವೂ ವಿಷ, ಹೃದಯದ ಮೇಲೆ ಪರಿಣಾಮ ಮಾಡುವಂಥದ್ದು. ಮಕ್ಕಳ ಕೈಗೆ ಕತ್ತರಿಸಲು ಕೊಡಬಾರದು. ಶಿಕ್ಷಕರೇ ಸೀಳಿ ಕೈ ತೊಳೆದುಕೊಳ್ಳಬೇಕು. ನಮ್ಮ ಕೈಪಿಡಿಗಳಲ್ಲಿ ಈ ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ನಡುವೆ ಒಮ್ಮೆ ಕಾಲೇಜಿಗೆ ಹೋದಾಗ ಈ ಕಥೆ ಹೇಳಿದೆ. ‘ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಎಲೆ ಸುಡುತ್ತವೆ, ಅದನ್ನೇ ಪಾಠದಲ್ಲಿ ಹೇಳಬೇಕಿತ್ತು’ ಎಂದು ಗೆಳತಿಯೊಬ್ಬಳು ಸಲಹೆ ಕೊಟ್ಟಳು. ನಾನೂ ಚಿಕ್ಕಂದಿನಿಂದ ಅದನ್ನೇ ಕೇಳಿದ್ದೆ. ಹುಡುಕಿ ನೋಡಿದಾಗ 2010ರಲ್ಲಿ ಹಂಗೇರಿಯ ಸಂಶೋಧಕರು ಇದನ್ನು ಪರೀಕ್ಷಿಸಿದ್ದು ಸಿಕ್ಕಿತು. ನಯವಾದ ಎಲೆಯ ಮೇಲೆ ಕುಳಿತ ಹನಿಯಿಂದ ಎಲೆ ಸುಡಲಿಲ್ಲ. ರೋಮಗಳು ಹನಿಯನ್ನು ಎಲೆಯಿಂದ ಮೇಲೆ ಎತ್ತಿ ಹಿಡಿಯುವ ಕೆಲವು ಸಸ್ಯಗಳಲ್ಲಿ ಮಾತ್ರ ಅದು ಸಾಧ್ಯವೆಂದು ಅವರು ಕಂಡರು. ಹಗಲು ಮಳೆ ಬಂದು ಕೂಡಲೇ ಬಿಸಿಲು ಬಿದ್ದಾಗ ಜೋಳದ ಹೊಲ ಸುಟ್ಟು ಹೋಗದಿರುವುದನ್ನು ನಾವೆಲ್ಲ ನೋಡಿಯೇ ಇದ್ದೇವೆ. ನಡು ಮಧ್ಯಾಹ್ನ ನೀರು ಹಾಕದಿರಲು ಕಾರಣಗಳು ಬೇರೆ ಇವೆ: ಬಹುಪಾಲು ಆವಿಯಾಗಿ ಹೋಗುತ್ತದೆ, ಬಿಸಿಲಲ್ಲಿ ಬಿದ್ದ ಕರಿ ಪೈಪಿನೊಳಗಿನ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ಒಂದು ತಪ್ಪು ವಾಕ್ಯದ ಜಾಗದಲ್ಲಿ ಇನ್ನೊಂದು ತಪ್ಪು ವಾಕ್ಯ ಬರೆಸುವುದು ಸ್ವಲ್ಪದರಲ್ಲಿ ತಪ್ಪಿತು.

ಎರಡನೆಯ ಪಾಠ

ಮೇ ಕೊನೆಗೆ ಶಾಲೆ ತೆರೆಯಿತು. ಮಕ್ಕಳು ಎಂಟನೆಯ ತರಗತಿಗೆ ಬಂದಿದ್ದರು. ಮುಖ್ಯ ಶಿಕ್ಷಕರ ಅನುಮತಿ ಪಡೆದು ಜೂನ್ ಮೊದಲ ವಾರ ಎರಡು ದಿನ, ಮೂರು ಅವಧಿ ತೆಗೆದುಕೊಂಡೆ. ಮಿರಗ ಇನ್ನೂ ಹಿಡಿದಿರಲಿಲ್ಲ. ಅಡ್ಡಮಳೆ ಒಂದೆರಡು ಸಲ ಬಂದು ಹೋಗಿದ್ದರೂ ಝಳ ಹಾಗೆಯೇ ಇತ್ತು. ಈ ಪಾಠಕ್ಕೆ ಅದೇ ಬೇಕಿತ್ತು. ಮಳೆ ಹಿಡಿದ ಮೇಲೆ ಈ ಪ್ರಯೋಗ ನಡೆಯುವುದಿಲ್ಲ.

ಮೂರು ಕುಂಡಗಳಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದ ಚೆಂಡುಹೂವಿನ ಗಿಡಗಳನ್ನು ಮುಂಚೆಯೇ ಸಿದ್ಧಮಾಡಿದ್ದೆ. ಕುಂಡ ‘ಅ’ಕ್ಕೆ ಹದವಾಗಿ ನೀರು. ‘ಆ’ಕ್ಕೆ ನಾಲ್ಕು ದಿನದಿಂದ ನೀರಿಲ್ಲ. ‘ಇ’ ಕುಂಡದ ತಳದ ತೂತುಗಳನ್ನು ಮೇಣದಿಂದ ಮುಚ್ಚಿ ಒಂದು ವಾರದಿಂದ ನೀರು ನಿಲ್ಲಿಸಿದ್ದೆ. ಮೂರಕ್ಕೂ ಮಣ್ಣಿನಿಂದ ಆವಿಯಾಗದಂತೆ ಪ್ಲಾಸ್ಟಿಕ್ ಹಾಳೆಯನ್ನು ಕಾಂಡದ ಸುತ್ತ ಬಿಗಿದು ಕಟ್ಟಿದೆ. ಗಿಡವಿಲ್ಲದ ನಾಲ್ಕನೆಯ ಕುಂಡವೊಂದನ್ನೂ ಹಾಗೆಯೇ ಕಟ್ಟಿಟ್ಟೆ. ತೂಕಕ್ಕೆ ಕಿರಾಣಿ ಅಂಗಡಿಯಿಂದ ಐದು ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತೂಕದ ಯಂತ್ರ ಕೇಳಿ ತಂದಿದ್ದೆ. ಅಂಗಡಿಯವರು ಸಂಜೆ ನಾಲ್ಕರೊಳಗೆ ವಾಪಸ್ ಬೇಕೆಂದಿದ್ದರಿಂದ ಸಮಯಪಾಲನೆ ತಾನಾಗಿಯೇ ಆಯಿತು.

ಈ ಉಪಾಯ ನನ್ನದಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1724ರ ಬೇಸಿಗೆಯಲ್ಲಿ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯ ಕುಂಡವನ್ನು ತೆಳುವಾದ ಸೀಸದ ತಗಡಿನಿಂದ ಮುಚ್ಚಿ, ಹಲವು ದಿನ ಬೆಳಿಗ್ಗೆ ಸಂಜೆ ತೂಗಿದ. ಹಗಲಿನ ಹನ್ನೆರಡು ಗಂಟೆಗಳಲ್ಲಿ ಗಿಡ ಸರಾಸರಿ 20 ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು 570 ಗ್ರಾಂ ನೀರು ಕಳೆದುಕೊಂಡಿತು. 1727ರಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಮುನ್ನೂರು ವರ್ಷದ ಹಿಂದಿನ ಈ ಪ್ರಯೋಗಕ್ಕೆ ಬೇಕಾದ್ದು ತಕ್ಕಡಿ ಮತ್ತು ತಾಳ್ಮೆ. ಪಾಲಿಥೀನ್ ಚೀಲದ ಹನಿಗಳು ಬಾಷ್ಪವಿಸರ್ಜನೆ ನಡೆಯುತ್ತದೆ ಎಂದಷ್ಟೇ ತೋರಿಸುತ್ತವೆ, ಎಷ್ಟು ಎಂಬುದನ್ನು ತೋರಿಸುವುದಿಲ್ಲ. ಎಷ್ಟು ಎಂದು ತಿಳಿಯದೆ ಗಿಡ ಯಾಕೆ ಬಾಡುತ್ತದೆ ಎಂಬುದು ಅರ್ಥವಾಗದು.

ಮೊದಲು ಊಹೆ ಕೇಳಿದೆ: ಸಂಜೆಯ ಹೊತ್ತಿಗೆ ಯಾವ ಗಿಡ ಚೆನ್ನಾಗಿರುತ್ತದೆ? ಅಂದು ಬಂದಿದ್ದ 31 ಮಕ್ಕಳಲ್ಲಿ 24 ಮಂದಿ ‘ಇ’ ಎಂದರು. ಕಾರಣ, ‘ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನೀರು ಅದರಿ.’ ಮಾರ್ಚ್‌ನಲ್ಲಿ ನಾನು ಬರೆಸಿದ ವಾಕ್ಯ ಅವರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಗೆ ‘ಅ’ 4 ಕಿಲೋ 280 ಗ್ರಾಂನಿಂದ 4 ಕಿಲೋ 35 ಗ್ರಾಂಗೆ ಇಳಿಯಿತು. ಅಂದರೆ 245 ಗ್ರಾಂ, ಒಂದು ದೊಡ್ಡ ಲೋಟ ನೀರು. ‘ಆ’ ಕಳೆದುಕೊಂಡಿದ್ದು 40 ಗ್ರಾಂ, ‘ಇ’ 55 ಗ್ರಾಂ. ಗಿಡವಿಲ್ಲದ ಕುಂಡ 5 ಗ್ರಾಂ, ಅಷ್ಟು ಯಂತ್ರದ ತಪ್ಪೂ ಆಗಿರಬಹುದು. ಮೂರೂ ಗಿಡಗಳು ಜೋತುಬಿದ್ದಿದ್ದವು. ‘ಅ’ ಸ್ವಲ್ಪ, ‘ಆ’ ಪೂರ್ತಿ, ‘ಇ’ ಎಲೆ ಹಳದಿಯಾಗಿ.

‘ಎಲ್ಲಾನೂ ಬಾಡ್ಯಾವ, ಹಂಗಾದ್ರ ಯಾವುದಕ್ಕ ನೀರ್ ಹಾಕ್ಬೇಕು?’ ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹೇಳಲಿಲ್ಲ, ಹೇಳಬೇಕೆನ್ನಿಸಿದರೂ. ಕುಂಡಗಳನ್ನು ವರಾಂಡದಲ್ಲಿ ಬಿಟ್ಟು ಮನೆಗೆ ಕಳಿಸಿದೆ. ಉಳಿದ ಸಮಯದಲ್ಲಿ ಎರಡು ಗಡಿಗೆಗಳನ್ನು ಮೇಜಿನ ಮೇಲಿಟ್ಟೆ, ಹೊಸದೊಂದು, ಲವಣ ಕಟ್ಟಿದ ಹಳೆಯದೊಂದು. ಎರಡಕ್ಕೂ ಒಂದೇ ಬಕೆಟ್‌ನ ನೀರು. ಮುಟ್ಟಿ ನೋಡಿದ ಮಕ್ಕಳೇ ಹೇಳಿದರು: ಹೊಸ ಗಡಿಗೆ ಬೆವರುತ್ತದೆ, ತಣ್ಣಗಿದೆ. ಹಳೆಯದು ಬೆವರುವುದಿಲ್ಲ. ಪತ್ರರಂಧ್ರ ಮುಚ್ಚಿದ ಎಲೆ ನೀರು ಉಳಿಸಿಕೊಳ್ಳುತ್ತದೆ, ಆದರೆ ಬಿಸಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಮರುದಿನ ಪ್ರಾರ್ಥನೆಗೆ ಮುಂಚೆಯೇ ಮಕ್ಕಳು ವರಾಂಡದಲ್ಲಿ ಗುಂಪು ಕೂಡಿದ್ದರು. ‘ಅ’ ನೆಟ್ಟಗೆ ನಿಂತಿತ್ತು, ಒಂದು ಹನಿ ನೀರು ಹಾಕದೆ. ‘ಆ’ ಮತ್ತು ‘ಇ’ ಎದ್ದಿರಲಿಲ್ಲ. ಬೆರಳು ಇಳಿಸಿ ನೋಡಿದರು. ‘ಆ’ ಒಣ, ‘ಇ’ ಕೆಸರು, ವಾಸನೆ ಬೇರೆ. ‘ಇ’ ಗಿಡವನ್ನು ಕಿತ್ತು ತೊಳೆದಾಗ ಕಂದು ಬಣ್ಣದ ಬೇರು ಕೈಯಲ್ಲೇ ಸಿಪ್ಪೆ ಸುಲಿದು ಬಂತು. ಪಕ್ಕದಲ್ಲಿ ಮಡಿಯಿಂದ ಕಿತ್ತ ಆರೋಗ್ಯವಂತ ಗಿಡದ ಬಿಳಿ ಬೇರುಗಳನ್ನಿಟ್ಟೆ. ಕಟ್ಟೆ ಪಕ್ಕದ ಮಡಿ ಯಾಕೆ ಸತ್ತಿತು ಎಂದು ನಾನು ಹೇಳುವ ಮೊದಲೇ ಹಿಂದಿನ ಸಾಲಿನಿಂದ, ‘ನಾವೇ ಕೊಂದೇವಿ ಅಂದಂಗಾಯ್ತು’ ಎಂಬ ಮಾತು ಬಂತು. ‘ನೀವಲ್ಲ, ನಾನು’ ಎಂದೆ. ಮಾರ್ಚ್‌ನಲ್ಲಿ ಬರೆಸಿದ ವಾಕ್ಯ ತಪ್ಪು, ಅಂದು ಈ ತರಗತಿಯಲ್ಲಿ ಸರಿಯಾಗಿ ನೋಡಿದ್ದು ಒಬ್ಬಳೇ ಎಂದು ಅವಳನ್ನು ತೋರಿಸಿ ಹೇಳಿದೆ. ಅವಳಿಗೆ ಸಂಕೋಚವಾಯಿತು. ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಬೇಕೆಂದು ಯೋಜನೆಯಲ್ಲಿ ಬರೆದುಕೊಂಡಿದ್ದೆ, ಆಕೆಯ ಮುಖ ನೋಡಿ ಕೈಬಿಟ್ಟೆ.

ಎರಡು ಪ್ರಶ್ನೆಗಳು ನನ್ನ ಯೋಜನೆಯಲ್ಲಿ ಇರಲಿಲ್ಲ. ‘ಆ’ ಕುಂಡಕ್ಕೆ ನೀರು ಹಾಕಿದ್ದೆವು, ಮಧ್ಯಾಹ್ನದ ಹೊತ್ತಿಗೆ ಅದು ಬಹುಪಾಲು ಎದ್ದಿತ್ತು. ನಾನು ಅದನ್ನು ‘ಶಾಶ್ವತ ಬಾಡುವಿಕೆ’ ಎಂದು ಹಲಗೆಯ ಮೇಲೆ ಬರೆದಿದ್ದೆ. ‘ಎದ್ದದಲ್ರಿ ಮೇಡಂ, ಶಾಶ್ವತ ಹ್ಯಾಂಗಾಯ್ತು?’ ಸರಿಯಾದ ಆಕ್ಷೇಪ. ಪಾರಿಭಾಷಿಕ ಪದದ ಅರ್ಥ, ಹೊಸದಾಗಿ ನೀರು ಕೊಡದೆ ರಾತ್ರಿಯ ತಂಪೊಂದರಿಂದಲೇ ಚೇತರಿಸಿಕೊಳ್ಳದ ಸ್ಥಿತಿ ಎಂದು. ಸಾವು ಎಂದಲ್ಲ. ಆದರೆ ‘ಶಾಶ್ವತ’ ಎಂಬ ಕನ್ನಡ ಪದ ಮಕ್ಕಳಿಗೆ ಸಾವನ್ನೇ ಹೇಳುತ್ತದೆ. ಹಲಗೆಯ ಮೇಲಿನ ಪದವನ್ನು ಅಳಿಸಿ ‘ನೀರು ಕೊಟ್ಟರೆ ಮಾತ್ರ ಏಳುವ ಬಾಡುವಿಕೆ’ ಎಂದು ಬರೆದೆ. ಪ್ರೌಢಶಾಲೆಯಲ್ಲಿ ಪಾರಿಭಾಷಿಕ ಪದ ಕಲಿತರೆ ಸಾಕು.

ಇನ್ನೊಂದು ಪ್ರಶ್ನೆ ‘ಮಲಗುವುದ’ರ ಬಗ್ಗೆಯೇ. ಹುಣಸೆ ಮರದ ಎಲೆ ರಾತ್ರಿ ಮುಚ್ಚಿಕೊಳ್ಳುತ್ತದಲ್ಲ, ಅದೂ ಇದೇ ಏನು ಎಂದು ಒಬ್ಬ ಕೇಳಿದ. ಇದು ಬೇರೆ. ಹುಣಸೆಯಲ್ಲಿ ಪ್ರತಿ ಕಿರುಎಲೆಯ ಬುಡದ ಉಬ್ಬಿನ ಕೋಶಗಳು ಹಗಲು ರಾತ್ರಿಯ ಲಯಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ, ನೀರಿನ ಕೊರತೆ ಬೇಕಿಲ್ಲ. ಚೆಂಡುಹೂವಿನದು ಲೆಕ್ಕ ತಪ್ಪಿದ ನೀರಿನ ಕಥೆ. ಹಾಗಾಗಿ ‘ಮಕ್ಕೊಂಡದ’ ಎಂಬ ಮಾತಿನಲ್ಲಿ ನೋಟ ಸರಿ, ಕಾರಣ ಅದರಲ್ಲಿಲ್ಲ. ಮಾರ್ಚ್‌ನಲ್ಲಿ ನಗುವ ಬದಲು ‘ಸಂಜೆ ಏಳುತ್ತದೆ ಎನ್ನುತ್ತಿದ್ದೀಯ, ಸಂಜೆ ಬಂದು ನೋಡೋಣವೇ?’ ಎಂದು ಕೇಳಿದ್ದರೆ ಇದೇ ಪಾಠ ಅಂದೇ ಆಗುತ್ತಿತ್ತು, 13 ಗಿಡಗಳೂ ಉಳಿಯುತ್ತಿದ್ದವು. ಆದರೆ ಅಂದು ನನ್ನ 40 ನಿಮಿಷದ ಯೋಜನೆಯಲ್ಲಿ ಸಂಜೆಗೆ ಜಾಗವಿರಲಿಲ್ಲ. ಅಭ್ಯಾಸ ಪಾಠಗಳು ಒಂದೇ ಅವಧಿಯೊಳಗೆ ಐದೂ ಹಂತ ಮುಗಿಸಬೇಕೆಂಬ ರೂಢಿಯನ್ನು, ಕನಿಷ್ಠ ಸಸ್ಯಗಳ ಪಾಠಕ್ಕಾದರೂ, ನಮ್ಮ ಅಧ್ಯಾಪಕರು ಮರುಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಮೌಲ್ಯಮಾಪನದ ಪ್ರಶ್ನೆಯನ್ನು ಬದಲಿಸಿದೆ: ‘ನಿಮ್ಮ ಮನೆಯ ಗಿಡ ಮಧ್ಯಾಹ್ನ ಎರಡು ಗಂಟೆಗೆ ಬಾಡಿದೆ. ನೀರು ಹಾಕುವ ಮೊದಲು ಏನೇನು ನೋಡುತ್ತೀರಿ?’ 31 ಉತ್ತರಗಳಲ್ಲಿ 26ರಲ್ಲಿ ಮಣ್ಣು ಮುಟ್ಟುವುದು ಅಥವಾ ಮುಂಜಾನೆಯವರೆಗೆ ಕಾಯುವುದು ಇತ್ತು, 11ರಲ್ಲಿ ಎರಡೂ ಇತ್ತು. ಮೂವರು ಹಳೆಯ ವಾಕ್ಯವನ್ನೇ ಬರೆದಿದ್ದರು. ಅವರಲ್ಲಿ ಇಬ್ಬರು ಮೊದಲ ದಿನ ಬಂದಿರಲಿಲ್ಲ. ಮೂರನೆಯವನನ್ನು ಕರೆದು ಕೇಳಿದರೆ, ‘ಕುಂಡದಾಗಿನ ಗಿಡಕ್ಕ ಕಾಯ್ಲಕ್ಕ ಆಗಂಗಿಲ್ರಿ, ಅದ್ರಾಗ ಮಣ್ಣೇ ಕಮ್ಮಿ ಇರ್ತದ’ ಎಂದ. ಅವನಿಗೂ ಪೂರ್ತಿ ಅಂಕ ಕೊಟ್ಟೆ.

ಮಿರಗದ ಮೊದಲ ಮಳೆಯಾದ ಮೂರನೆಯ ದಿನ ಮುತ್ಯಾ ಕೊಟ್ಟ ಹದಿನೈದು ಸಸಿಗಳನ್ನು ಹುಡುಗಿಯೇ ಬುಟ್ಟಿಯಲ್ಲಿ ತಂದಳು. ಕಟ್ಟೆ ಪಕ್ಕದ ಎರೆ ಮಡಿಗೆ ಮುರುಮು ಬೆರೆಸಿ, ಒಂದು ಗೇಣು ಎತ್ತರದ ಬದು ಮಾಡಿ, ತಾಟು ತೊಳೆದ ನೀರು ಪಕ್ಕದ ಕಾಲುವೆಯಲ್ಲಿ ಹರಿದು ಗೇಟಿನ ಮಡಿಗೆ ಹೋಗುವಂತೆ ತಿರುಗಿಸಿದೆವು. ಎಲ್ಲಿ ಎಷ್ಟು ದೂರಕ್ಕೆ ನೆಡಬೇಕೆಂಬುದನ್ನು ಅವಳೇ ಹೇಳಿದಳು. ಉಳಿದವರು ನೆಟ್ಟರು.